ಮುಚ್ಚದ ಬಾಗಿಲು ಮತ್ತು ಯನಗಿ ಕೇರಿ

ಬಹಳ ಬಹಳ ಹಿಂದೆ, ಕಡಲ ದಂಡೆಯ ಮೇಲೆ ಶಂಖಾವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜ ಬೊಮ್ಮರಸ, ರಾಣಿ ಕಂಚಲದೇವಿ. ಅವರಿಗೊಬ್ಬನೇ ಮಗ, ರೇವಣ. ರಾಜ ಒಳ್ಳೆಯವನೇ, ಆದರೆ ಮೂಗಿನ ತುದಿಯಲ್ಲಿ ಕೋಪ. ರಾಣಿಯೂ ಮಾತಿನಲ್ಲಿ ಹಿಂದೆ ಬೀಳುವವಳಲ್ಲ. ಹಗಲೆಲ್ಲ ಕಿತ್ತಾಡಿ, ಸಂಜೆ ಒಂದೇ ತಟ್ಟೆಯ ವೀಳ್ಯ ಹಂಚಿಕೊಂಡು ತಿನ್ನುವ ಜೋಡಿ ಅದು.

ಆ ರಾಜ್ಯದಲ್ಲಿ ಒಂದು ರೂಢಿಯಿತ್ತು. ನಿಮ್ಮ ಮನೆಯಲ್ಲೂ ಇದ್ದೀತು. ಹೊರಡುವವರು ಬಾವಿಗೆ ಹೊರಟರೂ ಸರಿ, ಯುದ್ಧಕ್ಕೆ ಹೊರಟರೂ ಸರಿ, "ಹೋಗ್ತೀನಿ" ಎಂದಷ್ಟೇ ಹೇಳುವಂತಿರಲಿಲ್ಲ. "ಹೋಗಿ ಬರ್ತೀನಿ" ಎನ್ನಬೇಕು. ಮಕ್ಕಳು ಬಾಯಿ ತಪ್ಪಿದರೆ ಹಿರಿಯರು ಹೊಸ್ತಿಲಲ್ಲೇ ತಡೆದು, ಪೂರ್ತಿ ಹೇಳಿಸಿ ಮುಂದಕ್ಕೆ ಬಿಡುತ್ತಿದ್ದರು. ರೇವಣನಿಗೆ ಇದನ್ನು ಕಲಿಸಿದವನು ಅವನ ಅಪ್ಪನೇ. ಹುಡುಗ ಆಟಕ್ಕೆ ಓಡುವಾಗಲೆಲ್ಲ ರಾಜ ಸಭೆ ನಿಲ್ಲಿಸಿ, ಅವನನ್ನು ಕೂಗಿ ಕರೆದು ತಿದ್ದುತ್ತಿದ್ದ.

ಅಂಥ ರಾಜ ಒಂದು ದಿನ ತಾನೇ ತಪ್ಪಿದ. ವೀಳ್ಯದೆಲೆಗೆ ಸುಣ್ಣ ಹೆಚ್ಚಾಗಿ ಅವನ ನಾಲಿಗೆ ಸುಟ್ಟಿತು. ಎಲೆ ಮಡಿಸಿದ್ದು ಯಾರು ಎಂಬಲ್ಲಿಂದ ಶುರುವಾದ ಮಾತು ಮದುವೆಯ ದಿನದ ಮುನಿಸಿನವರೆಗೂ ಹೋಯಿತು. ರಾಜ ಮರದ ಹಾವುಗೆ ಮೆಟ್ಟಿ ಎದ್ದ. "ನಾನು ಹೋಗ್ತೀನಿ" ಎಂದ. ಅಷ್ಟೇ ಅಂದ. ಬಾಗಿಲು ಕಾಯುವವನು ಕಿವಿ ಮುಚ್ಚಿಕೊಂಡ. ಬಂದರಿನಲ್ಲಿ ನಿಂತಿದ್ದ ಹಡಗು ಹತ್ತಿದ ರಾಜ ಮತ್ತೆ ಬರಲಿಲ್ಲ.

ಅವತ್ತಿನಿಂದ ಅರಮನೆಯ ಹೆಬ್ಬಾಗಿಲು ಮುಚ್ಚಲಿಲ್ಲ. ಬಡಗಿಗಳು ಬಂದು ಕೀಲು ಬದಲಿಸಿದರು. ಕಮ್ಮಾರರು ಎಣ್ಣೆ ಹಾಕಿ ಬಡಿದರು. ಕೊನೆಗೆ ಪಟ್ಟದಾನೆಯೇ ಬಂದು ಹಣೆಯೊಡ್ಡಿ ದೂಡಿತು. ಬಾಗಿಲು ಜಗ್ಗಲಿಲ್ಲ. ಕಡಲ ಮರಳು, ಕಾಗೆ, ಊರಿನ ಆಡು, ಎಲ್ಲವೂ ಒಳಗೆ ಬರತೊಡಗಿದವು. ರಾಣಿ ಆ ಬಾಗಿಲಲ್ಲೇ ಚಾಪೆ ಹಾಸಿ ಕೂತಳು. ರಾಜ್ಯದ ಕೆಲಸವನ್ನೂ ಅಲ್ಲಿಂದಲೇ ನಡೆಸಿದಳು, ಆಡುಗಳನ್ನೂ ಅಲ್ಲಿಂದಲೇ ಓಡಿಸಿದಳು. ಜಗಳಕ್ಕೆ ಮಾತ್ರ ಯಾರೂ ಇರಲಿಲ್ಲ. ಅದೇ ಅವಳ ದೊಡ್ಡ ದುಃಖ.

ರೇವಣ ಬೆಳೆದು ದೊಡ್ಡವನಾದ. ಆಗ ಮೂಡಣ ಕಡಲಿಂದ ಬಂದ ಒಬ್ಬ ನಾವಿಕ ಸುದ್ದಿ ತಂದ. ಜಪಾನು ದೇಶದ ಒಂದು ಹಳೆಯ ಊರಿನಲ್ಲಿ ಯನಗಿ ಕೇರಿ ಎಂಬುದಿದೆಯಂತೆ. ಅಲ್ಲಿ ಕಗೆಮಾರು ಎಂಬ ಮಂತ್ರವಾದಿಯ ಆಳ್ವಿಕೆ. ಆ ಕೇರಿಗೆ ಹೋದ ಪ್ರಯಾಣಿಕರು ತಮ್ಮ ಮನೆ ಮರೆತು, ಕೂತು ಕೂತು ಒಂದೊಂದು ಕಾಗದದ ಗೂಡುದೀಪ ಮಾಡುತ್ತಾರಂತೆ. ಕೊನೆಯ ಕಾಗದ ಅಂಟಿಸಿದ ಕೂಡಲೇ ತಾವೇ ಆ ದೀಪವಾಗಿ ಬೀದಿಯಲ್ಲಿ ತೂಗುತ್ತಾರಂತೆ. ಬೊಮ್ಮರಸನೂ ಅಲ್ಲಿ ಒಂದು ಜಾಲಂದ್ರದ ಹಿಂದೆ ಕೂತಿದ್ದಾನೆ, ಅವನ ದೀಪ ಮುಗಿಯುತ್ತ ಬಂದಿದೆ ಎಂದ ನಾವಿಕ.

ರೇವಣ ಆ ಕ್ಷಣವೇ ಹೊರಟ. ರಾಣಿ ತಡೆಯಲಿಲ್ಲ, ಅಳಲೂ ಇಲ್ಲ. ಮಗನ ಮುಖ ನೋಡುತ್ತ, "ಪೂರ್ತಿ ಹೇಳು" ಎಂದಳು.

"ಹೋಗಿ ಬರ್ತೀನಿ, ಅಮ್ಮ."

ಹಡಗು ಎಷ್ಟೋ ಕಡಲುಗಳನ್ನು ದಾಟಿತು. ಕೊನೆಗೆ ರೇವಣ ಒಂದು ಸಣ್ಣ ಹೊಳೆಯ ದಡದಲ್ಲಿ ಇಳಿದ. ಹೊಳೆಯ ಮೇಲೊಂದು ಬಾಗಿದ ಮರದ ಸೇತುವೆ, ಅದರಾಚೆ ಯನಗಿ ಕೇರಿ. ಅಲ್ಲಿ ಯಾವಾಗಲೂ ಸಂಜೆ. ಕಪ್ಪಗಾದ ಮರದ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಬಾಗಿಲುಗಳ ಮೇಲೆ ನೀಲಿ ಬಟ್ಟೆಯ ಗಿಡ್ಡ ಪರದೆಗಳು. ಯಾರೋ ಈಗಷ್ಟೇ ಅಂಗಳಕ್ಕೆ ನೀರು ಚಿಮುಕಿಸಿದ್ದರು. ಹಾಸುಗಲ್ಲುಗಳಿಂದ ತಣ್ಣಗಿನ ವಾಸನೆ ಏಳುತ್ತಿತ್ತು. ಹೊಳೆಯಂಚಿನ ಮರಗಳು ಕೊಂಬೆಗಳನ್ನು ಕೂದಲಿನ ಹಾಗೆ ನೀರಿಗೆ ಇಳಿಬಿಟ್ಟಿದ್ದವು. ಬೀದಿಯುದ್ದಕ್ಕೂ ಗೂಡುದೀಪಗಳು. ರೇವಣ ಹಿಂದೆಂದೂ ಆ ನೆಲ ಮೆಟ್ಟಿದವನಲ್ಲ. ಆದರೂ ಎಲ್ಲವನ್ನೂ ಮೊದಲೇ ಕಂಡಿದ್ದೇನೆ, ಇಲ್ಲೇ ಆಡಿ ಬೆಳೆದಿದ್ದೇನೆ ಎನಿಸಿತು ಅವನಿಗೆ.

ಸೇತುವೆಯ ಮೇಲೆ ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿಕೊಂಡ ಒಂದು ಮುದಿ ನರಿ ಕೂತಿತ್ತು. "ನಾನು ಈ ಕೇರಿಯಲ್ಲಿ ಚಹಾ ಕಾಸುತ್ತಿದ್ದ ಒಸೋಮೆ. ಕಗೆಮಾರು ನನಗೆ ಈ ಬಾಲ ಅಂಟಿಸಿದ" ಎಂದಿತು. ನರಿಗೆ ಕನ್ನಡ ಹೇಗೆ ಬಂತು ಎಂದು ಕೇಳಬೇಡಿ. ಮಂತ್ರಕ್ಕೆ ಸಿಕ್ಕ ಪ್ರಾಣಿಗಳಿಗೆ ಎಲ್ಲ ಭಾಷೆಯೂ ಬರುತ್ತದೆ, ನಮಗೇ ಬರುವುದಿಲ್ಲ. ರೇವಣ ಬಂದ ಕಾರಣವನ್ನು ಕೇಳಿ ನರಿ ನಿಟ್ಟುಸಿರಿಟ್ಟಿತು. ಮೂರು ಮನೆ ದಾಟಿದರೆ ಅಪ್ಪ ಸಿಗುತ್ತಾನೆ, ಒಂದನ್ನು ಹೊಕ್ಕು ಹೊರಬಂದರೇ ಮುಂದಿನದು ಕಾಣುತ್ತದೆ ಎಂದಿತು. ಹೊರಬರುವುದು ಹೇಗೆ ಎಂದು ಹೇಳಿದರೆ ತನ್ನ ನಾಲಿಗೆ ಕಲ್ಲಾಗುತ್ತದೆ ಎಂದೂ ಹೇಳಿತು.

ರೇವಣ ಮೊದಲ ಮನೆಯ ಮುಂದೆ ಚಪ್ಪಲಿ ಬಿಟ್ಟು, ಪರದೆ ಸರಿಸಿ ಒಳಗೆ ಕಾಲಿಟ್ಟ. ಒಳಗೆ ಸಾಸಿವೆ ಸಿಡಿಯುವ ವಾಸನೆ. ಇಂಗು, ಕರಿಬೇವು, ತೆಂಗಿನೆಣ್ಣೆ, ಸೌದೆಯ ಹೊಗೆ. ಚಿಕ್ಕಂದಿನಲ್ಲಿ ಅಮ್ಮನ ಸೆರಗು ಹಿಡಿದು ನಿಲ್ಲುತ್ತಿದ್ದ ಅಡುಗೆಮನೆಯೇ ಅದು. ಅವನು ನೆಲದ ಮೇಲೆ ಕೂತ. ಕೂತಷ್ಟೂ ಹಿತವಾಯಿತು. ಕೈ ತಾನಾಗಿಯೇ ಪಕ್ಕದಲ್ಲಿದ್ದ ಬಿದಿರಿನ ಕಡ್ಡಿಯೊಂದನ್ನು ಎತ್ತಿಕೊಂಡು ಬಾಗಿಸತೊಡಗಿತು. ಅಮ್ಮ ಎಂದುಕೊಂಡಾಗ ಅವನಿಗೆ ಬಾಗಿಲಲ್ಲಿ ಕೂತ ಅಮ್ಮನೂ ನೆನಪಾದಳು. ತಟ್ಟನೆ ಎದ್ದ. ನೋಡಿದರೆ ಬಾಗಿಲೇ ಇಲ್ಲ, ನಾಲ್ಕೂ ಕಡೆ ಗೋಡೆ. ದಿಕ್ಕು ತೋಚದಿದ್ದರೂ, ಮನೆಯ ಒಲೆಗೆ ಬೆನ್ನು ಹಾಕುವಾಗ ಹೇಳಬೇಕಾದದ್ದನ್ನು ಅಭ್ಯಾಸಬಲದಿಂದ ಹೇಳಿದ, "ಹೋಗಿ ಬರ್ತೀನಿ." ಗೋಡೆ ಬಾಗಿಲಾಗಿ ಸರಿಯಿತು. ಯಾಕೆ ಸರಿಯಿತೆಂದು ಅವನಿಗೆ ತಿಳಿಯಲಿಲ್ಲ. ಸೇತುವೆಯ ಮೇಲೆ ನರಿಯ ಕಿವಿ ನಿಮಿರಿತು.

ಎರಡನೆಯ ಮನೆಯ ಜಗಲಿಯಲ್ಲಿ ಹುಲ್ಲಿನ ಟೋಪಿ ತೊಟ್ಟ ಡೊಳ್ಳುಹೊಟ್ಟೆಯ ಪ್ರಾಣಿಯೊಂದು ಕೂತಿತ್ತು. ಅತ್ತ ನಾಯಿಯೂ ಅಲ್ಲ, ಇತ್ತ ಕರಡಿಯೂ ಅಲ್ಲ. ಆ ಊರಿನವರು ಅದನ್ನು ತನುಕಿ ಎನ್ನುತ್ತಾರೆ. ಅದು ತನ್ನ ಹೊಟ್ಟೆಯನ್ನೇ ಬಾರಿಸಿ ಅವನನ್ನು ಒಳಗೆ ಕರೆಯಿತು. ಈ ಮನೆಯಲ್ಲಿ ವಾಸನೆಯಿಲ್ಲ, ಬರಿಯ ಸದ್ದು. ಮಜ್ಜಿಗೆ ಕಡೆಯುತ್ತ ಗುನುಗುವ ಅಜ್ಜಿಯ ದನಿ. ಮೊಗಸಾಲೆಯಲ್ಲಿ ಟಕ್ ಟಕ್ ಎಂದು ಓಡಾಡುವ ಹಾವುಗೆ. ಸತ್ತುಹೋಗಿದ್ದ ಅಜ್ಜಿ ಪಕ್ಕದ ಕೋಣೆಯಲ್ಲೇ ಇದ್ದಾಳೆ, ಎದ್ದು ಹೋದರೆ ಸಿಗುತ್ತಾಳೆ ಎನಿಸಿತು. ರೇವಣ ಕಣ್ಣೀರು ಸುರಿಸುತ್ತ ಕೂತ. ಎಷ್ಟು ಹೊತ್ತು ಕೂತನೋ. ಕೈ ಆಗಲೇ ಕಡ್ಡಿಗಳಿಗೆ ದಾರ ಸುತ್ತುತ್ತಿತ್ತು. ಆದರೆ ಆ ಹಾವುಗೆಯ ಸದ್ದು ಅಪ್ಪನದು. ಅಪ್ಪನನ್ನು ಹುಡುಕಲು ಬಂದವನು ಅಪ್ಪನ ಸದ್ದು ಕೇಳುತ್ತ ಕೂರುವುದೆಂಥದು ಎಂದು ತನ್ನನ್ನೇ ಬೈದುಕೊಂಡ. ಅಜ್ಜಿಯ ದನಿ ಬಂದ ಕಡೆಗೆ ಕೈ ಮುಗಿದು, "ಹೋಗಿ ಬರ್ತೀನಿ, ಅಜ್ಜಿ" ಎಂದ. ಬಾಗಿಲು ಸರಿಯಿತು.

ಮೂರನೆಯ ಮನೆ ಕೇರಿಯ ಕೊನೆಯಲ್ಲಿತ್ತು. ಹೊಸ್ತಿಲಲ್ಲಿ ಕಗೆಮಾರು ನಿಂತಿದ್ದ. ಒಣಕಲು ಮನುಷ್ಯ, ಬೂದಿ ಬಣ್ಣದ ನಿಲುವಂಗಿ. ಅವನಿಗೆ ನೆರಳಿರಲಿಲ್ಲ. ನಿನ್ನ ಅಪ್ಪ ತಾನಾಗಿ ಎದ್ದು ಬಂದರೆ ಕರೆದುಕೊಂಡು ಹೋಗು, ನನ್ನದೇನೂ ಅಡ್ಡಿಯಿಲ್ಲ ಎಂದು ಅವನು ಬಹಳ ಮರ್ಯಾದೆಯಿಂದ ದಾರಿ ಬಿಟ್ಟ.

ಒಳಗೆ ಜಾಲಂದ್ರದ ಪಕ್ಕ ಬೊಮ್ಮರಸ ಕೂತಿದ್ದ. ಕೂದಲು ಬೆಳ್ಳಗಾಗಿತ್ತು. ಮುಂದೆ ದೊಡ್ಡ ಗೂಡುದೀಪ. ಒಂದೇ ಒಂದು ಮೂಲೆ ಬಾಕಿಯಿತ್ತು. ಅವನು ಕೊನೆಯ ಕಾಗದಕ್ಕೆ ಗಂಜಿಯ ಅಂಟು ಸವರುತ್ತಿದ್ದ.

"ಅಪ್ಪಯ್ಯ" ಎಂದು ಕರೆದ ರೇವಣ. ರಾಜ ತಲೆಯೆತ್ತಿ ನಕ್ಕು, ಯಾರಪ್ಪ ನೀನು, ಕೂತ್ಕೋ, ಚಹಾ ತರಿಸುತ್ತೇನೆ ಎಂದ. ರೇವಣ ಶಂಖಾವತಿಯ ಹೆಸರು ಹೇಳಿದ. ಒಳ್ಳೆಯ ಊರಿರಬೇಕು ಎಂದ ರಾಜ. ಅಮ್ಮನ ಹೆಸರು ಹೇಳಿದ, ಸುಣ್ಣದ ಜಗಳ ನೆನಪಿಸಿದ, ಆನೆ ದೂಡಿದರೂ ಮುಚ್ಚದ ಬಾಗಿಲಿನ ಸಂಗತಿ ತಿಳಿಸಿದ. ರಾಜ ಬೇರೆ ಯಾರದೋ ಕತೆ ಕೇಳುವವನಂತೆ ತಲೆದೂಗುತ್ತ ಕಾಗದವನ್ನು ಎತ್ತಿ ಮೂಲೆಗೆ ಹಿಡಿದ.

ರೇವಣನೂ ಅದೇ ಅಪ್ಪನ ಮಗ ತಾನೇ. ಮೂಗಿನ ತುದಿಗೆ ಕೋಪ ಬಂದೇ ಬಂತು.

"ಅಮ್ಮ ಅಲ್ಲಿ ಬಾಗಿಲಲ್ಲಿ ಕೂತಿದ್ದಾಳೆ. ನಿಮಗೆ ಈ ಗೂಡುದೀಪನೇ ಹೆಚ್ಚಾದ್ರೆ ಇಲ್ಲೇ ಇರಿ. ನಾನು ಹೋಗ್ತೀನಿ."

ಹೇಳಿದ್ದೇ ತಡ, ಬಾಗಿಲು ಗೋಡೆಯಾಯಿತು. ರೇವಣನ ಬೆರಳುಗಳು ಬೆಳ್ಳಗಾಗಿ ತೆಳ್ಳಗಾಗಿ ಗಾಳಿಗೆ ಪಟಪಟ ಎಂದವು. ಕಾಗದ. ಕೈ ಕಾಗದ, ತೋಳು ಕಾಗದ. ಕಗೆಮಾರು ಗೋಡೆಯಾಚೆ ನಗುವುದು ಕೇಳಿಸಿತು.

ಬೊಮ್ಮರಸನ ಕೈ ನಿಂತಿತು. ಅವನ ಹುಬ್ಬು ಗಂಟಾಯಿತು. ಎದುರಿಗಿದ್ದ ಹುಡುಗ ಯಾರೆಂದು ಅವನಿಗೆ ಈಗಲೂ ಗೊತ್ತಿರಲಿಲ್ಲ. ಆದರೆ ಕಿವಿಗೆ ಬಿದ್ದ ಮಾತು ಸರಿಯಿಲ್ಲ ಎಂಬುದು ಗೊತ್ತಿತ್ತು. ಸಭೆ ನಿಲ್ಲಿಸಿ ಕೂಗುತ್ತಿದ್ದ ಅದೇ ಗಡಸು ದನಿಯಲ್ಲಿ ಹೇಳಿದ:

"ಹಾಗನ್ನಬಾರದು ಮಗ. ಹೋಗಿ ಬರ್ತೀನಿ ಅನ್ನು."

ರೇವಣನ ತುಟಿಯೂ ಕಾಗದವಾಗುತ್ತಿತ್ತು. ಹೇಗೋ ಉಸಿರು ಒತ್ತಿ, "ಹೋಗಿ ಬರ್ತೀನಿ, ಅಪ್ಪಯ್ಯ" ಎಂದ. ಕೈಗಳಿಗೆ ರಕ್ತ ಮರಳಿತು.

ರಾಜ ಮಾತ್ರ ಕೂತಲ್ಲೇ ಕೂತಿದ್ದ. ಕೈಯ ಕಾಗದ ಜಾರಿ ಬಿತ್ತು. ಹೇಳಿಸಿದ ಮಾತು ಅವನ ಬಾಯಲ್ಲೇ ಸುತ್ತುತ್ತಿತ್ತು. "ಬರ್ತೀನಿ" ಎಂದ ಮೆಲ್ಲಗೆ. "ಅವತ್ತು ನಾನು ಬರ್ತೀನಿ ಅನ್ನಲೇ ಇಲ್ಲ, ಅಲ್ವಾ ರೇವಣ?" ಹೆಸರು ಬಂತು, ಹೆಸರಿನ ಹಿಂದೆ ಎಲ್ಲವೂ ಬಂತು. ರಾಜ ಪಡುವಣ ದಿಕ್ಕಿಗೆ, ಕಡಲ ಕಡೆಗೆ ಮುಖ ತಿರುಗಿಸಿದ. "ಕಂಚಲಾ, ಬರ್ತೀನಿ" ಎಂದು ಮಗುವಿನ ಹಾಗೆ ಅತ್ತ.

ಅವನ ಗೂಡುದೀಪ ಸುಮ್ಮನೆ ಬಿಚ್ಚಿಕೊಂಡು ಕಡ್ಡಿಯಾಗಿ ಬಿತ್ತು. ಗೋಡೆ ಬಾಗಿಲಾಯಿತು. ಬೀದಿಯ ದೀಪಗಳೆಲ್ಲ ಆ ಮಾತು ಕೇಳಿದವು, ಒಂದೊಂದೂ ತನ್ನ ತನ್ನ ಭಾಷೆಯಲ್ಲಿ ಅದನ್ನೇ ನುಡಿಯಿತು. ನುಡಿದವರೆಲ್ಲ ಮನುಷ್ಯರಾಗಿ ಕಲ್ಲುಹಾಸಿನ ಮೇಲೆ ಇಳಿದರು. ನರಿ ಒಸೋಮೆಯಜ್ಜಿಯಾಯಿತು. ತನುಕಿ ಡೊಳ್ಳುಹೊಟ್ಟೆಯ ಅಂಗಡಿಯವನಾದ, ಹೊಟ್ಟೆ ಮಾತ್ರ ಹಾಗೇ ಉಳಿಯಿತು. ಕಗೆಮಾರುವಿನ ಕಾಲ ಬುಡದಲ್ಲಿ ನೆರಳು ಮೂಡಿತು, ಮಂತ್ರ ಹೋಯಿತು.

ಒಸೋಮೆಯಜ್ಜಿಯ ನಾಲಿಗೆ ಈಗ ಬಿಚ್ಚಿಕೊಂಡಿತು. ಹೊರಡುವಾಗ ಈ ದೇಶದವರೂ "ಇತ್ತೆ ಕಿಮಾಸ್" ಎನ್ನುತ್ತಾರೆ, ಹೋಗಿ ಬರ್ತೀನಿ ಎಂದೇ ಅದರ ಅರ್ಥ ಎಂದಳು. ಸಿಟ್ಟಿನಲ್ಲಿ ಆ ಮಾತನ್ನು ಅರ್ಧಕ್ಕೇ ಬಿಟ್ಟು ಮನೆ ಬಿಟ್ಟವರನ್ನೇ ಕಗೆಮಾರು ಹಿಡಿಯುತ್ತಿದ್ದ. ಬರುತ್ತೇನೆಂದು ಹೇಳದವನಿಗೆ ದಾರಿ ಸಿಗುವುದಾದರೂ ಹೇಗೆ ಎಂದಳು. ಕೇರಿಯವರು ಮಂತ್ರವಾದಿಯನ್ನು ಹೊಡೆಯಲಿಲ್ಲ. ಬೆಳಿಗ್ಗೆ ಎಲ್ಲರ ಅಂಗಳಕ್ಕೆ ನೀರು ಚಿಮುಕಿಸುವ ಕೆಲಸ ಕೊಟ್ಟರು. ಬೆಳಿಗ್ಗೆ ಅಂದೆನಲ್ಲ, ಆ ಕೇರಿಗೆ ಮತ್ತೆ ಬೆಳಗಾಗಿತ್ತು.

ಅಜ್ಜಿ ಕಾಸಿದ ಹುರಿದೆಲೆಯ ಚಹಾ ಕುಡಿದು ಅಪ್ಪ ಮಗ ಎದ್ದರು. ಸೇತುವೆಯ ಮೇಲೆ ಬೊಮ್ಮರಸ ತಿರುಗಿ ನೋಡಿದ. ಕಪ್ಪು ಮರದ ಮನೆಗಳು, ನೀಲಿ ಪರದೆಗಳು, ಒದ್ದೆ ಕಲ್ಲು. ಅವನನ್ನು ಸೆರೆ ಹಿಡಿದದ್ದು ಮಂತ್ರವಾದಿ, ಕೇರಿಯಲ್ಲ. "ಹೋಗಿ ಬರ್ತೀನಿ" ಎಂದ ಕೇರಿಗೆ. ಹೇಳಿದ ಮೇಲೆ ಅದು ಕೊಟ್ಟ ಮಾತೇ.

ಹಡಗು ಶಂಖಾವತಿ ಸೇರಿದಾಗ ರಾಣಿ ಬಾಗಿಲಲ್ಲಿ ಆಡು ಓಡಿಸುತ್ತಿದ್ದಳು. ತಲೆಯೆತ್ತಿದಳು. ಇಷ್ಟು ವರ್ಷ ಕೂಡಿಟ್ಟ ಜಗಳದ ಮಾತೆಲ್ಲ ನಾಲಿಗೆಗೆ ಬಂದು ಅಲ್ಲೇ ಕರಗಿತು.

"ಬಂದ್ರಾ?" ಎಂದಳು. "ಕೈಕಾಲು ತೊಳ್ಕೊಳ್ಳಿ."

ರಾಜ ಹೊಸ್ತಿಲು ದಾಟಿದ. ಹೆಬ್ಬಾಗಿಲು ತಾನಾಗಿಯೇ ಮೆಲ್ಲಗೆ ಮುಚ್ಚಿಕೊಂಡಿತು. ಆಡುಗಳು ಹೊರಗುಳಿದವು. ಸಂಜೆ ರಾಜನೇ ವೀಳ್ಯ ಮಡಿಸಿದ, ಸುಣ್ಣ ಹೆಚ್ಚಾಯಿತು, ರಾಣಿ ಬಾಯಿ ಮಾಡಿದಳು. ಅರಮನೆಯವರೆಲ್ಲ ಅದನ್ನು ಹಬ್ಬದ ವಾಲಗದಂತೆ ಕೇಳಿದರು.

ಹೀಗೆ ಎಲ್ಲರೂ ಸುಖವಾಗಿದ್ದರು. ಆದರೆ ಅಂಗಳಕ್ಕೆ ನೀರು ಚಿಮುಕಿಸಿದ ಸಂಜೆಗಳಲ್ಲಿ ರಾಜ ಮೂಡಣ ಕಡಲು ನೋಡುತ್ತ ಕೂರುತ್ತಿದ್ದ. ರಾಣಿ ಕೆಲವು ದಿನ ನೋಡಿದಳು. ಆಮೇಲೆ ಒಂದು ಬೆಳಿಗ್ಗೆ ತನ್ನ ಸೀರೆಗಳನ್ನೂ ಗಂಟು ಕಟ್ಟಿ, ಮಗನಿಗೆ ರಾಜ್ಯ ಒಪ್ಪಿಸಿ, ಹಾವುಗೆ ತಂದು ರಾಜನ ಮುಂದಿಟ್ಟಳು. ಹೇಳಿಬಂದ ಮಾತು ನಡೆಸಬೇಕಲ್ಲ, ಹೊರಡಿ, ನಾನೂ ಆ ಕೇರಿ ನೋಡಬೇಕು ಎಂದಳು.

ಇಬ್ಬರೂ ಹೊಸ್ತಿಲು ದಾಟಿ ತಿರುಗಿ ನಿಂತರು. "ಹೋಗಿ ಬರ್ತೀವಿ" ಎಂದರು ಒಟ್ಟಿಗೆ. ಬಾಗಿಲು ಮುಚ್ಚಿಕೊಂಡಿತು. ಚಿಲಕ ಮಾತ್ರ ಹಾಕಿಕೊಳ್ಳಲಿಲ್ಲ.