ಏಪ್ರನ್ ಪಟ್ಟಿಯ ಗುರುತು

ಆಸ್ಪತ್ರೆಯ ವಾರ್ಡಿನಲ್ಲಿ ಬ್ಯಾಂಡೇಜ್ ಬಿಚ್ಚಿದಾಗ ಇನ್ಸ್‌ಪೆಕ್ಟರ್ ಮುಖ ತಿರುಗಿಸಿದರು. ಲಾಂಡ್ರಿಯಲ್ಲಿ ದುಡಿಯುವ ಎಪ್ಪತ್ತರ ಹೆಂಗಸು. ಬೆನ್ನು, ಭುಜ ಆಳಕ್ಕೆ ಬೆಂದಿದ್ದವು. ಹನ್ನೆರಡು ದಿನವಾದರೂ ಗಾಯ ಹಸಿ. ಎಚ್ಚರವೂ ಇಲ್ಲ.

ದೂರು ಕೊಟ್ಟವನು ಲಾಂಡ್ರಿಯ ಮೇಲ್ವಿಚಾರಕ.

"ನಮ್ಮಲ್ಲಿ ಪೈಪು ಸೀಳಿ ಹಬೆ ತಾಗಿದ್ದು ಚೂರೇ ಚೂರು ಸಾರ್. ಪಕ್ಕದಲ್ಲಿದ್ದ ಹುಡುಗಿಗೂ ತಾಗಿತ್ತು. ಅವಳಾಗಲೇ ಕೆಲಸಕ್ಕೆ ಬಂದಿದ್ದಾಳೆ. ಅಜ್ಜಿ ಅವತ್ತು ಮನೆಗೆ ಹೋದ್ರು, ಮಾರನೇ ದಿನ ಆಸ್ಪತ್ರೆಗೆ ಸೇರಿದ್ರು. ರಾತ್ರಿ ಏನಾಯ್ತು ಅಂತ ಸೊಸೇನ ಕೇಳಿ."

ಸೊಸೆ ಬಾಗಿಲ ಬಳಿ ನಿಂತಿದ್ದಳು. "ನಾನೇನೂ ಮಾಡಿಲ್ಲ ಸಾರ್." ಇನ್ಸ್‌ಪೆಕ್ಟರ್ ನಂಬಲಿಲ್ಲ. ಅತ್ತೆ-ಸೊಸೆ ಎಂದರೆ ಸಾಕು, ಅರ್ಧ ಕೇಸು ಅಲ್ಲೇ ಮುಗಿಯಿತೆಂದು ತಿಳಿಯುವ ಪೈಕಿ ಅವರು.

"ಠಾಣೆಗೆ ನಡಿಯಮ್ಮ."

"ಒಂದ್ನಿಮಿಷ," ಎಂದರು ಹೆಡ್ ಸಿಸ್ಟರ್.

* * *

ಈ ಸಿಸ್ಟರಿಗೆ ಒಂದು ಅಭ್ಯಾಸ. ಪ್ರತಿ ಗಾಯದ ಅಂಚನ್ನೂ ಮೊದಲ ದಿನವೇ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಡಾಕ್ಟರುಗಳು ನಗುತ್ತಿದ್ದರು. ಸಿಸ್ಟರ್ ಎರಡು ಹಾಳೆ ಪಕ್ಕಪಕ್ಕ ಇಟ್ಟರು.

"ಇದು ಆ ಹುಡುಗಿ, ಅವಳೂ ಇಲ್ಲೇ ತೋರಿಸ್ಕೊಂಡಿದ್ಲು. ಇದು ಅಜ್ಜಿ. ಇಬ್ಬರ ಭುಜದ ಮೇಲೂ ಸುಡದ ಪಟ್ಟಿ ನೋಡಿ, ಎರಡು ಬೆರಳಗಲ."

"ಏನದು?"

"ಲಾಂಡ್ರಿ ಏಪ್ರನ್ನಿನ ದಪ್ಪ ಪಟ್ಟಿ. ಅದನ್ನ ಯಾರೂ ಮನೆಗೆ ಒಯ್ಯಲ್ಲ. ಮನೇಲಿ ಸುಟ್ಟಿದ್ರೆ ಆ ಪಟ್ಟಿಯ ಜಾಗವೂ ಬೇಯ್ತಿತ್ತು."

"ಹಾಗಾದ್ರೆ ಹುಡುಗಿ ಹೇಗೆ ವಾಸಿಯಾದ್ಲು?"

"ವಯಸ್ಸಾದವರ ಚರ್ಮ ತೆಳು ಸಾರ್. ಅದೇ ಹಬೆ ಆಳಕ್ಕೆ ಇಳಿಯುತ್ತೆ. ಮೊದಲು ಬರೀ ಕೆಂಪಗೆ ಕಾಣೋ ಗಾಯ ರಾತ್ರಿ ಕಳೆಯೋದ್ರೊಳಗೆ ಆಳವಾಗುತ್ತೆ, ಅದಕ್ಕೇ ಮಾರನೇ ದಿನ ಬಂದ್ರು. ಗಾಯ ಮಾಯಿಸೋಕೆ ದೇಹ ಏಳೋದೂ ತಡ. ಅಷ್ಟರಲ್ಲಿ ಸೋಂಕು ಒಳಗೆ ಬಂದು ಕೂತಿರುತ್ತೆ. ಹುಡುಗಿಗೆ ಹನ್ನೆರಡು ದಿನ, ಇವರಿಗೆ ತಿಂಗಳುಗಟ್ಟಲೆ. ಆದ್ರೂ ಹೋರಾಡ್ತಿದ್ದಾರೆ. ಗಟ್ಟಿ ಜೀವ."

ಇನ್ಸ್‌ಪೆಕ್ಟರ್ ಟೋಪಿ ತೆಗೆದರು. ಎಂಥ ಕಣ್ಣು ಈಕೆಯದು!

* * *

ಲಾಂಡ್ರಿಯ ಬಾಯ್ಲರ್ ಮೇಲಿನ ಸೇಫ್ಟಿ ವಾಲ್ವಿಗೆ ಹ್ಯಾಂಗರಿನ ತಂತಿ ಬಿಗಿದಿತ್ತು. ಹೆಚ್ಚಾದ ಹಬೆ ಹೊರಹೋಗುವ ದಾರಿಯೇ ಬಂದ್. ಪೈಪು ಸೀಳಿದ್ದು ಅದಕ್ಕೇ.

"ಇದನ್ನ ಕಟ್ಟಿದ್ದು ಯಾರು?"

ಮೇಲ್ವಿಚಾರಕನ ಮುಖ ಬಿಳಿಚಿತು. "ವಾಲ್ವ್ ಪದೇ ಪದೇ ಬಿಟ್ಕೊಳ್ತಿತ್ತು ಸಾರ್... ಇಸ್ತ್ರಿ ತಡ ಆಗೋದು..."

"ಅದಕ್ಕೆ ಸೊಸೇನ ಸಿಕ್ಕಿಸೋಕೆ ಹೊರಟ್ಯಾ? ಜೀಪು ಹತ್ತು."

* * *

ಇನ್ಸ್‌ಪೆಕ್ಟರ್ ವಾರ್ಡಿಗೆ ಮರಳಿ ಸೊಸೆಗೆ ಕೈಮುಗಿದರು. "ತಪ್ಪಾಯ್ತಮ್ಮ. ನೀವಿನ್ನು ಮನೆಗೆ ಹೋಗಬಹುದು."

"ಮನೆಗಾ?" ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅತ್ತೆ ಕಣ್ಣು ಬಿಟ್ಟಾಗ ಎದುರಿಗೆ ಯಾರಿರಬೇಕು ಸಾರ್?"

ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದಳು.