ಮೂವತ್ತೊಂದನೆಯ ಪುಟದ ಎದುರಾಳಿ

"ಇನ್ನೇನಾದ್ರೂ ಕೇಳೋದಿದ್ಯಾ, ಸಿಗ್ರಿಡ್?"

ಪರೀಕ್ಷಕಿ ಗುನೆಲ್ ಕನ್ನಡಕದ ಮೇಲಿಂದ ನೋಡಿದರು. ಪರದೆಯ ಪಕ್ಕ ನಿಂತಿದ್ದ ಆರ್ವಿದ್ ಕೂಡ ಅವಳನ್ನೇ ನೋಡುತ್ತಿದ್ದ. ಒಂದೇ ಕಂಪ್ಯೂಟರ್ ಕೋಣೆಯಲ್ಲಿ ಎರಡು ವರ್ಷ ಸಂಖ್ಯಾಶಾಸ್ತ್ರ ಓದಿದ ಮೇಲೆ ಸಿಕ್ಕ ಭಾಗ್ಯ, ಆ ನೋಟ...

ಉತ್ತರ ಸ್ವೀಡನ್ನಿನ ಆ ವಿಭಾಗದಲ್ಲಿ ಪ್ರತಿ ಪ್ರಬಂಧಕ್ಕೂ ಒಬ್ಬ ಎದುರಾಳಿ ಇರಲೇಬೇಕು. ಸಹಪಾಠಿಯೇ ಎಲ್ಲರ ಮುಂದೆ ತಪ್ಪು ಹುಡುಕಬೇಕು, ಆಮೇಲೆ ಎಲ್ಲರೂ ಕೇಕ್ ತಿನ್ನಬೇಕು. ಮದುವೆಗಳಲ್ಲಿ ಈ ಕ್ರಮ ತಿರುಗುಮುರುಗು.

ಆರ್ವಿದ್‌ನ ಪ್ರಬಂಧಕ್ಕೆ ಎದುರಾಳಿ ಸಿಗ್ರಿಡ್. ತಪ್ಪು ಅವಳಿಗೆ ಸಿಕ್ಕಿತ್ತು. ಮೂವತ್ತೊಂದನೆಯ ಪುಟ. ನದಿಯ ಸಾಲ್ಮನ್ ಮೀನುಗಳನ್ನು ಎಣಿಸುವ ಕ್ಯಾಮೆರಾಕ್ಕೆ, ನೀರು ಕದಡಿದ್ದ ಹನ್ನೊಂದು ದಿನ ಏನೂ ಕಂಡಿರಲಿಲ್ಲ. ಆರ್ವಿದ್ ಆ ದಿನಗಳಿಗೆ ಸೊನ್ನೆ ಬರೆದುಬಿಟ್ಟಿದ್ದ. ಕಾಣದ ಮೀನು ಇಲ್ಲದ ಮೀನಲ್ಲ! ಅಲ್ಲಿಂದ ಮುಂದೆ ಇಡೀ ಪ್ರಬಂಧ ಒಂದು ಕಡೆಗೆ ವಾಲಿತ್ತು.

ಕೇಳಿದರೆ ಪ್ರಬಂಧ ಸೆಪ್ಟೆಂಬರಿಗೆ ಹೋಗುತ್ತದೆ. ಜೂನಿನಲ್ಲಿ ಲುಲೆಯೊ ಊರಿನಲ್ಲಿ ಅವನಿಗಾಗಿ ಕಾದಿರುವ ಕೆಲಸವೂ ತಪ್ಪುತ್ತದೆ. ಅವನು ಇಲ್ಲೇ ಉಳಿಯುತ್ತಾನೆ... ಬೇಸಿಗೆಯಿಡೀ.

'ಕೇಳಿಬಿಡು' ಎಂದಿತು ಮನಸ್ಸು. ಆ ಮನಸ್ಸಿಗೆ ಸಂಖ್ಯಾಶಾಸ್ತ್ರದ ಮೇಲೆ ಅಂಥ ಕಾಳಜಿಯೇನೂ ಇರಲಿಲ್ಲ ಎಂಬುದೇ ತೊಂದರೆ.

"ಇಲ್ಲ" ಎಂದಳು ಸಿಗ್ರಿಡ್.

ಚಪ್ಪಾಳೆ. ಹಸಿರು ಕೇಕ್. ಕಿಟಕಿಯಾಚೆ ಬರ್ಚ್ ಮರಗಳ ಎಳೆ ಚಿಗುರಿನಲ್ಲಿ ಬೆಳಕು ಸೋಸಿ ಬರುತ್ತಿತ್ತು. ಆರ್ವಿದ್ ಕಾಫಿ ಹಿಡಿದು ನೇರ ಅವಳ ಬಳಿ ಬಂದ.

"ಒಂದೇ ಪುಟ ಮೂರು ಸಲ ತಿರುವಿ ನೋಡಿದ್ಯಲ್ಲ. ಏನಿತ್ತು ಅಲ್ಲಿ?"

"ಏನಿಲ್ಲಪ್ಪ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಕಿವಿ ನೋಡ್ಕೋ, ಕೆಂಪಾಗಿದೆ."

ಹೇಳಿದಳು. ಅವನು ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ.

"ಪಾಪ ಅನ್ನಿಸ್ತಾ ನನ್ನ ನೋಡಿ?"

"ಹಾಗಲ್ಲ, ಆರ್ವಿದ್..."

"ದಡ್ಡ ಅಂದಿದ್ರೂ ಬೇಜಾರಿರ್ಲಿಲ್ಲ. ಕೈಹಿಡಿದು ದಾಟಿಸ್ಬೇಕಾದ ಮಗು ಅನ್ಕೊಂಡ್ಯಲ್ಲ."

ಅವನೇ ಗುನೆಲ್ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ಪ್ರಬಂಧ ಸೆಪ್ಟೆಂಬರಿಗೆ ಹೋಯಿತು. ಕೆಲಸ ಇನ್ಯಾರಿಗೋ ಹೋಯಿತು. ಅವನು ಮಾತ್ರ ಕಂಪ್ಯೂಟರ್ ಕೋಣೆಯ ಅತ್ತ ತುದಿಗೆ ಹೋಗಿ ಕೂತ.

ಉಳಿದನು, ಆದರೆ ಸಿಗಲಿಲ್ಲ... ಮೂರು ವಾರ ಸಿಗ್ರಿಡ್ ನೀರಿನೊಳಗೆ ನಡೆದವಳಂತೆ ನಡೆದಳು.

ಜೂನಿನ ಒಂದು ಮಧ್ಯಾಹ್ನ, ನದಿದಡದ ಬೆಂಚಿನ ಇನ್ನೊಂದು ತುದಿಯಲ್ಲಿ ಅವನು ಬಂದು ಕೂತ.

"ಗುನೆಲ್ ನಿಂಗೂ ಬೈದ್ರಂತೆ?"

"ಹ್ಞೂಂ. ಎದುರಾಳಿ ಕೆಲಸ ನಾನೂ ಇನ್ನೊಂದ್ಸಲ ಮಾಡ್ಬೇಕಂತೆ. ಬೇರೆ ಪ್ರಬಂಧಕ್ಕಾದ್ರೂ ಆಗುತ್ತೆ."

"ಒಂದು ಅರ್ಥ ಆಗ್ತಿಲ್ಲ. ಕೇಳಿದ್ರೆ ನಿಂಗೆ ಒಳ್ಳೇ ದರ್ಜೆ. ಕೇಳ್ದೆ ಇದ್ರೆ ಏನು ಸಿಗ್ತಿತ್ತು?"

"ಏನಿಲ್ಲ. ನೀನು ಲುಲೆಯೊಗೆ ಹೋಗಿರ್ತಿದ್ದೆ, ಅಷ್ಟೇ."

"ಅಂದ್ರೆ ನಾನು ತೊಲಗ್ಲಿ ಅಂತಾನಾ?"

"ಇಲ್ಲೇ ಇರ್ಲಿ ಅಂತ ಎಷ್ಟು ಆಸೆ ಇತ್ತು ಗೊತ್ತಾ... ಅದಕ್ಕೇ ಕೇಳೋಕೆ ಭಯ ಆಯ್ತು. ನನ್ನ ಸ್ವಾರ್ಥಕ್ಕೆ ನಿನ್ನ ಕೆಲಸ ಕಳೆದ ಹಾಗೆ ಆಗ್ತಿತ್ತು."

ನದಿ ಬೆಳಕನ್ನು ಹೊತ್ತುಕೊಂಡು ನಿಧಾನವಾಗಿ ಹರಿಯುತ್ತಿತ್ತು. ಆರ್ವಿದ್ ಅವಳತ್ತ ತಿರುಗಿ ಕೂತ.

"ಎಂಥ ಹುಚ್ಚಿ ಕಣೇ ನೀನು" ಎಂದ. "ಸೆಪ್ಟೆಂಬರಲ್ಲೂ ನೀನೇ ಎದುರಾಳಿಯಾಗಿ ಬಾ. ಈ ಸಲ ಬಿಡ್ಬೇಡ ನನ್ನ."

"ಆಗಲ್ಲ. ಪ್ರೀತಿಸೋರು ಎದುರಾಳಿ ಆಗೋ ಹಾಗಿಲ್ಲ, ನಿಯಮ ಇದೆ."

"ಹೋದ ಸಲ ಆಗಿದ್ಯಲ್ಲ?"

"ಆಗ ನಿಂಗೆ ಗೊತ್ತಿರ್ಲಿಲ್ಲ."

ಅವನು ಸರಿದು ಬಂದು ಅವಳ ಕೈ ಹಿಡಿದ.

"ಸರಿ. ಬೇರೆ ಯಾರನ್ನಾದ್ರೂ ಹುಡುಕ್ಕೋತೀನಿ."

"ಬೈಸ್ಕೊಳ್ಳೋಕೆ ಮಾತ್ರ ತಾನೇ?"

"ಅದಕ್ಕೆ ಮಾತ್ರ."