ಏಳುನೂರೈವತ್ತು ವ್ಯಾಟ್

ಅಂಗಡಿ ಹಿಂದಿನ ಹಾಲ್‌ನ ಕೀಲಿಕೈ ಕಿರಣಕುಮಾರನ ಪ್ಯಾಂಟಿಗೆ ತೂಗುತ್ತಿದ್ದುದನ್ನು ಕಂಡ ದಿನವೇ ರುದ್ರೇಶನ ಹೊಟ್ಟೆಗೆ ಬೆಂಕಿ ಬಿತ್ತು. ಹಳಿಯಾಳದ ಕಾಳಿನ ವ್ಯಾಪಾರಿ ಶಿವಲಿಂಗಪ್ಪನವರು ತಮ್ಮ ಅಂಗಡಿಯ ಹಿಂದಿನ ಆ ಹಾಲ್‌ನಲ್ಲಿ ಕಂಪ್ಯೂಟರ್ ಗೇಮ್ ಆಡುವ ಸೆಂಟರ್ ತೆರೆಯುತ್ತೇನೆ, ಅದನ್ನು ನಡೆಸುವವನು ನೀನೇ ಎಂದು ಹೋದ ವರ್ಷ ಅವನಿಗೆ ಬಾಯಿತುಂಬ ಹೇಳಿದ್ದರು. ಆ ಮಾತನ್ನು ನಂಬಿ ಅವನು ಹುಬ್ಬಳ್ಳಿಯ ಕೆಲಸ ಬಿಟ್ಟು ಬಂದ. ದಾಂಡೇಲಿಯ ಬಂಗೂರನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ, ಪ್ರಿಂಟರಿನೊಳಗೆ ಸಿಕ್ಕಿಬಿದ್ದ ಕಾಗದ ಕೀಳುತ್ತ ಹನ್ನೊಂದು ತಿಂಗಳು ಕಾದ. ಸಾಹುಕಾರರು ಮತ್ತೆ ಆ ಮಾತೆತ್ತಲಿಲ್ಲ. ಅಷ್ಟರಲ್ಲಿ ಬೆಳಗಾವಿಯಿಂದ ಅವರ ತಂಗಿಯ ಮಗ ಕಿರಣಕುಮಾರ ಬಂದು ಗಾದಿಯ ಮೇಲೆ ಕೂತ. ಕೀಲಿಕೈಯೂ ಅವನದಾಯಿತು.

ಕೇಳಲು ಹೋಗಲಿಲ್ಲ ರುದ್ರೇಶ. ಕೊಟ್ಟ ಮಾತನ್ನು ನುಂಗಿದವರ ಎದುರು ಹಲ್ಲುಗಿಂಜಿ ನಿಲ್ಲುವ ಜಾಯಮಾನ ಅವನದಲ್ಲ. ಸಿಟ್ಟನ್ನು ಹಲ್ಲು ಕಚ್ಚಿ ಹಿಡಿದುಕೊಂಡ, ಅದು ಅಲ್ಲೇ ಕುದಿಯುತ್ತ ಉಳಿಯಿತು.

ಶಿವರಾತ್ರಿ ಕಳೆದ ವಾರ ಗಾಯದ ಮೇಲೆ ಬರೆ ಎಳೆಯುವವನ ಹಾಗೆ ಅದೇ ಕಿರಣಕುಮಾರ ಜೆರಾಕ್ಸ್ ಅಂಗಡಿಗೆ ಬಂದು ಕೌಂಟರಿಗೆ ಮೊಣಕೈ ಊರಿದ.

“ರುದ್ರೇಶ, ಗೇಮ್ ಆಡೂ ಅಂಥಾದ್ದೊಂದು ಕಂಪ್ಯೂಟರ್ ಕಟ್ಟಬೇಕಾಗೇತಿ. ರೆಡಿಮೇಡ್ ಬ್ಯಾಡ. ಯಾವ್ಯಾವ ಪಾರ್ಟ್ ತರಸ್ಬೇಕು ನೀ ಹೇಳು, ಮನ್ಯಾಗ ನಾನ ಜೋಡಸ್ತೇನಿ.”

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು ರುದ್ರೇಶನಿಗೆ. ತನ್ನ ಅನ್ನ ಕಸಿದುಕೊಂಡವನು ತನ್ನ ಬುದ್ಧಿಯನ್ನೂ ಪುಕ್ಕಟೆ ಕೇಳಲು ಬಂದಿದ್ದಾನೆ. ಆದರೆ ಬಾರಿಸಿದರೆ ಠಾಣೆ, ನಾಲ್ಕು ಜನರ ಮುಂದೆ ತಪ್ಪೊಪ್ಪಿಗೆ. ಅವನು ನಕ್ಕ.

“ಅದಕ್ಕೇನಂತ, ನಾ ಇಲ್ಲೇನು? ಆಯ್ತವಾರ ಬಾ, ಕೂತು ಬರ್ಕೊಳ್ಳೂಣು.”

ಆಯ್ತವಾರಕ್ಕೆ ನಾಲ್ಕು ದಿನವಿತ್ತು. ಅಷ್ಟರಲ್ಲಿ ಅಪರಾಧ ಪೂರ್ತಿ ತಯಾರಾಯಿತು. ಕಳ್ಳತನ ಮಾಡಿದವನನ್ನು ಹಿಡಿಯುತ್ತಾರೆ, ಬೆಂಕಿ ಇಟ್ಟವನನ್ನು ಹಿಡಿಯುತ್ತಾರೆ. ಕೆಟ್ಟ ಸಲಹೆ ಕೊಟ್ಟವನನ್ನು ಹಿಡಿಯುವ ಕಾಯ್ದೆ ಇನ್ನೂ ಹುಟ್ಟಿಲ್ಲ. ಅದೂ ಸಲಹೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಚಿನ್ನದಂಥ ಸಲಹೆಯೇ ಆಗಿದ್ದರೆ ಅವನತ್ತ ಬೆರಳು ಮಾಡುವವರಾರು?

ಪ್ರೊಸೆಸರ್ ಒಳ್ಳೆಯದನ್ನೇ ಆರಿಸಿದ. ಅದು ಕೂರುವ ಬೋರ್ಡು, ಮೆಮೊರಿ, ಗಾಜಿನ ಬಾಗಿಲಿನ ಕ್ಯಾಬಿನೆಟ್ಟು, ಎಲ್ಲವೂ ಅವನು ತನಗೇ ಕೊಂಡುಕೊಳ್ಳಲು ವರ್ಷಗಟ್ಟಲೆ ಕನಸು ಕಂಡಂಥವು. ಗ್ರಾಫಿಕ್ಸ್ ಕಾರ್ಡಿನಲ್ಲಂತೂ ಕೈ ಬಿಗಿ ಹಿಡಿಯಲೇ ಇಲ್ಲ. ಸುಡುವುದಾದರೆ ಒಳ್ಳೆಯದೇ ಸುಡಲಿ.

ವಿಷವನ್ನೆಲ್ಲ ಅವನು ಇಟ್ಟದ್ದು ಪವರ್ ಸಪ್ಲೈಯಲ್ಲಿ. ಗೋಡೆಯ ಕರೆಂಟನ್ನು ಹದ ಮಾಡಿ ಉಳಿದ ಭಾಗಗಳಿಗೆ ಹಂಚುವ ಆ ತಗಡಿನ ಡಬ್ಬಿಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಕಾರ್ಡಿನ ಬಣ್ಣದ ದೀಪ ನೋಡುತ್ತಾರೆ. ಯಾರೂ ಕೇಳಿರದ ಒಂದು ಕಂಪನಿಯ ಡಬ್ಬಿ ಅವನಿಗೆ ಗೊತ್ತಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ಏಳುನೂರೈವತ್ತು ವ್ಯಾಟ್ ಎಂದು ಬರೆದಿರುತ್ತದೆ, ಒಳಗೆ ನಾನೂರೈವತ್ತಕ್ಕೆ ಏದುಸಿರು. ಅಂಥ ಮೂರನ್ನು ಅವನೇ ಬಿಚ್ಚಿ ನೋಡಿದ್ದ. ಮೂರೂ ಬೇಸಿಗೆಯ ನಟ್ಟನಡುವೆ ಸತ್ತಿದ್ದವು, ಮೂರೂ ಸಾಯುವಾಗ ಬೋರ್ಡು ಕಾರ್ಡುಗಳನ್ನು ಜೊತೆಗೇ ಎಳೆದುಕೊಂಡು ಹೋಗಿದ್ದವು. ಮಾರ್ಚಿನಲ್ಲಿ ಜೋಡಿಸಿದರೆ ಏಪ್ರಿಲ್ ಸಲೀಸಾಗಿ ಕಳೆಯುತ್ತದೆ, ಮೇ ದಾಟುವುದಿಲ್ಲ. ವಾಪಸು ಕೊಡುವ ಹತ್ತು ದಿನದ ಗಡುವು ಆಗ ಯಾವ ಕಾಲದ ಮಾತೋ.

ಆ ಡಬ್ಬಿಯ ಹೆಸರು ತನ್ನ ಬಾಯಿಂದ ಬರಬಾರದು, ಅಷ್ಟೇ. ಅದಕ್ಕೂ ದಾರಿ ಇತ್ತು. ವ್ಯಾಪಾರಸ್ಥರ ಮನೆಯವರ ಗುಣವನ್ನು ರುದ್ರೇಶ ಚೆನ್ನಾಗಿ ಬಲ್ಲ. ಎದುರಿಗೆ ಮೂರು ಮಾಲು ಇಟ್ಟರೆ ಅವರು ದುಬಾರಿಯದಕ್ಕೆ ಮರುಳಾಗುವುದಿಲ್ಲ, ಅಗ್ಗದ್ದನ್ನು ನಂಬುವುದಿಲ್ಲ, ನಡುವಿನದಕ್ಕೆ ಕೈ ಹಾಕುತ್ತಾರೆ.

ಆಯ್ತವಾರ ಕಿರಣಕುಮಾರ ಬಂದ. ರುದ್ರೇಶ ಪೆನ್ನು ಮುಟ್ಟಲಿಲ್ಲ. “ನೀನ ಬರ್ಕೋ, ನನ್ನ ಅಕ್ಷರ ಕೋಳಿ ಕೆದರಿದಂಗ ಐತಿ” ಎಂದ. ಪಟ್ಟಿ ಕಿರಣಕುಮಾರನ ಕೈಯಲ್ಲೇ ಬೆಳೆಯಿತು. ಪವರ್ ಸಪ್ಲೈಗೆ ಬಂದಾಗ ರುದ್ರೇಶ ಮೊಬೈಲಿನಲ್ಲಿ ಮೂರು ಡಬ್ಬಿ ತೋರಿಸಿದ. ದುಬಾರಿಯದು ನಿಜಕ್ಕೂ ಒಳ್ಳೆಯದು. ಅಗ್ಗದ್ದು ಸಣ್ಣದಾದರೂ ಪ್ರಾಮಾಣಿಕವಾದ ಡಬ್ಬಿ, ಕೆಲಸಕ್ಕೆ ಸಾಕಾಗುವಂಥದ್ದು. ನಡುವೆ ಸಾವು ಕೂತಿತ್ತು.

“ಯಾವ್ದು ತಗೋಲಿ?”

“ಅದು ನಿನ್ನ ಖುಷಿ ಮಾರಾಯಾ. ನಾ ಹೇಳೂದು ಚಲೋ ಅಲ್ಲ.”

ಕಿರಣಕುಮಾರ ಮೂರನ್ನೂ ಎರಡು ಸಲ ನೋಡಿದ. “ನಡುವಿಂದು ಇರ್ಲಿ” ಎಂದು ಬರೆದುಕೊಂಡ. ರುದ್ರೇಶ ಚಹಾ ತರಿಸಿದ.

ಕಂಪ್ಯೂಟರು ಮಾರ್ಚಿನಲ್ಲಿ ಎದ್ದು ನಿಂತಿತು. ಎಂಥ ಭಾರೀ ಗೇಮೂ ನೀರು ಕುಡಿದಷ್ಟು ಸಲೀಸಾಗಿ ಓಡುತ್ತದೆ ಎಂದು ಕಿರಣಕುಮಾರ ದಿನಬಿಟ್ಟು ದಿನ ಫೋನು ಮಾಡಿ ಹೊಗಳುತ್ತಿದ್ದ. ಒಂದೊಂದು ಹೊಗಳಿಕೆಗೂ ರುದ್ರೇಶನ ಸಿಟ್ಟು ಇನ್ನಷ್ಟು ಉರಿಯುತ್ತಿತ್ತು. ಓಡಿಸು ಮಗನೇ, ಓಡಿಸು, ಎಂದು ಒಳಗೇ ಅಂದುಕೊಳ್ಳುತ್ತ ಅವನು ದಿನ ಎಣಿಸುತ್ತಿದ್ದ. ಸುಟ್ಟ ದಿನ ಅವನು ನನ್ನ ಬಳಿಯೇ ಅಳುತ್ತ ಬರಬೇಕು, ನಾನು ಅಯ್ಯೋ ಪಾಪ ಅನ್ನಬೇಕು. ಅಷ್ಟು ಸಿಕ್ಕರೆ ಸಾಕಿತ್ತು ಅವನಿಗೆ.

ಬಸವ ಜಯಂತಿಗೆ ಎರಡು ದಿನವಿದೆ ಎನ್ನುವಾಗ ಸಾಹುಕಾರರೇ ಫೋನು ಮಾಡಿದರು. ಹಳಿಯಾಳಕ್ಕೆ ಬಂದು ಹೋಗು ಎಂದರು, ಯಾಕೆಂದು ಹೇಳಲಿಲ್ಲ. ರುದ್ರೇಶ ಬಸ್ಸು ಹತ್ತಿದ. ಕಿಟಕಿಯಿಂದ ಬರುವ ಗಾಳಿಯೂ ಕುದಿಯುತ್ತಿತ್ತು. ಡಬ್ಬಿ ಅವಸರಪಟ್ಟು ಏಪ್ರಿಲ್‌ನಲ್ಲೇ ಸತ್ತಿತೇ ಎಂದು ಅವನಿಗೆ ಒಳಗೊಳಗೇ ಕುಣಿಯುವಂತಾಯಿತು. ಮುಖದ ಮೇಲೆ ತರಬೇಕಾದ ಮರುಕವನ್ನು ದಾರಿಯುದ್ದಕ್ಕೂ ಸರಿಮಾಡಿಕೊಂಡ.

ಅಂಗಡಿಯಲ್ಲಿ ಅಳುವವರು ಯಾರೂ ಇರಲಿಲ್ಲ. ಕಿರಣಕುಮಾರ ಹಲ್ಲು ಬಿಡುತ್ತ ಬಂದು ಪ್ಯಾಂಟಿನ ಕೀಲಿಕೈ ಬಿಚ್ಚಿ ಅವನ ಅಂಗೈಯಲ್ಲಿಟ್ಟ. “ತಗೋಪಾ, ಇದನ್ನ ಕಾಯ್ದು ಕಾಯ್ದು ನನಗ ಸಾಕಾತು. ನೀ ಬರೂತನಾ ಬಾಯಿ ಬಿಡಬ್ಯಾಡ ಅಂದಿದ್ರು ಮಾವ.”

“ಏನಿದು ಸಾವ್ಕಾರ್ರ?” ಎಂದ ರುದ್ರೇಶ. ಶಿವಲಿಂಗಪ್ಪನವರು ಹಾಲ್‌ನ ಕದ ತಳ್ಳಿದರು.

ತಗಡಿನ ಮಾಡಿನ ಕೆಳಗೆ ಗೋಡೆಗುಂಟ ಹತ್ತು ಹೊಸ ಕಂಪ್ಯೂಟರುಗಳು ಸಾಲಾಗಿ ಕೂತಿದ್ದವು. ಅವೇ ಕಾರ್ಡು, ಅವೇ ಗಾಜಿನ ಕ್ಯಾಬಿನೆಟ್ಟು. ಮೂಲೆಯಲ್ಲಿ ಖಾಲಿ ಪೆಟ್ಟಿಗೆಗಳ ರಾಶಿ, ಪ್ರತಿಯೊಂದರ ಮೇಲೂ ದಪ್ಪ ಅಕ್ಷರದ ಏಳುನೂರೈವತ್ತು ವ್ಯಾಟ್. ಬಾಗಿಲಿಗೆ ಒರಗಿಸಿದ್ದ ಬೋರ್ಡಿನಲ್ಲಿ ‘ನಡೆಸುವವರು: ರುದ್ರೇಶ’ ಎಂದು ಬಣ್ಣದಲ್ಲಿ ಬರೆದಿತ್ತು. “ತಮ್ಮಾ, ನಾ ಕಾಳಿನ ವ್ಯಾಪಾರ ಮಾಡಿದಾಂವ. ಒಂದ ಬೊಗಸಿ ನಮೂನಿ ನೋಡಲಾರದ ಒಂದ ಚೀಲಾನೂ ಇಳಿಸಿಕೊಂಡಾಂವಲ್ಲ. ಕಿರಣ್ಯಾನ ಮನ್ಯಾಗ ಇದ್ದದ್ದು ನಮೂನಿ. ಮಾಲೂ ನೋಡಿದ್ವಿ, ನಿನ್ನ ಕೈನೂ ನೋಡಿದ್ವಿ. ಅದಕ್ಕ ಒಂದ ತಿರುಪೂ ಬದಲಿಲ್ಲದಂಗ ಹತ್ತು ಜೋಡಿಸೇವಿ” ಎಂದರು ಶಿವಲಿಂಗಪ್ಪನವರು. ವ್ಯಾಪಾರಸ್ಥರು ನಡುವಿನದನ್ನೇ ಆರಿಸುತ್ತಾರೆ ಎಂಬುದನ್ನು ಬಲ್ಲ ರುದ್ರೇಶನಿಗೆ, ಅವರು ಮೊದಲು ಒಂದನ್ನು ತರಿಸಿ ನೋಡುತ್ತಾರೆ ಎಂಬುದು ಹೊಳೆದೇ ಇರಲಿಲ್ಲ. ಒಂದು ದಿನವೂ ಕೆಡದ ಡಬ್ಬಿ ಕೆಟ್ಟದ್ದೆಂದು ಈಗ ಹೇಳಬೇಕಾದರೆ, ತನಗದು ಹೇಗೆ ಗೊತ್ತು ಎಂಬುದನ್ನೂ ಹೇಳಬೇಕು. ಸಾಹುಕಾರರು ಅವನ ಬೆನ್ನು ತಟ್ಟಿದರು. “ಬಸವ ಜಯಂತಿ ದಿನಾ ಹತ್ತೂ ಕೂಡೇ ಚಾಲೂ ಮಾಡೂಣು. ಸ್ವಿಚ್ ನೀನ ಒತ್ತಬೇಕಪಾ.”